ಎಂಬತ್ತು ಅಂದ್ರೆ ಎಂಬತ್ತೇ ಯಾಕೆ?

ಹೆಬ್ಬಾಳ ದಾಟಿ ದೇವನಹಳ್ಳಿ ಕಡೆ ಹೊರಟವರೆಲ್ಲ ಆ ಬೋರ್ಡ್ ನೋಡಿರ್ತೀರಿ. ಬಿಳಿ ವೃತ್ತ, ಸುತ್ತ ಕೆಂಪು ಅಂಚು, ಒಳಗೆ ಕಪ್ಪು ಬಣ್ಣದಲ್ಲಿ 80. ಅದರ ಪಕ್ಕದಲ್ಲೇ ಗಾಡಿಗಳು ನೂರು, ನೂರಹತ್ತರಲ್ಲಿ ಸುಯ್ ಅಂತ ಹೋಗ್ತಿರುತ್ತವೆ. ಓಡಿಸುವವರನ್ನ ಯಾಕಪ್ಪಾ ಹಿಂಗೆ ಅಂತ ಕೇಳಿದರೆ ಸಿಗೋ ಉತ್ತರ ಒಂದೇ: "ರಸ್ತೆ ಚೆನ್ನಾಗಿದೆ ಸಾರ್."

ನಾನು ಇವತ್ತು ಡ್ರೈವರ್‌ಗಳನ್ನ ಬೈಯೋಕೆ ಕೂತಿಲ್ಲ. ಬೈಯೋರು ಬೇಕಾದಷ್ಟು ಜನ ಇದ್ದಾರೆ. ನನ್ನ ಪ್ರಶ್ನೆ ಬೇರೆ. ಆ ಎಂಬತ್ತು ಅನ್ನೋದನ್ನ ಯಾರು ಬರೆದರು? ಎಪ್ಪತ್ತು ಯಾಕಲ್ಲ, ತೊಂಬತ್ತು ಯಾಕಲ್ಲ? ಯಾವ ಲೆಕ್ಕದಲ್ಲಿ ಬಂತು ಅದು? ದಂಡ ಕಟ್ಟುವ ನಮಗೆ ಈ ಲೆಕ್ಕವನ್ನ ಯಾರಾದರೂ, ಯಾವತ್ತಾದರೂ ಹೇಳಿದ್ದಾರಾ? ಈ ಪ್ರಶ್ನೆಗೆ ಒಂದೂವರೆ ಶತಮಾನದ ಇತಿಹಾಸ ಇದೆ. ಸ್ವಲ್ಪ ನೋಡೋಣ ಬನ್ನಿ.

ವೇಗದ ಮಿತಿ ಅನ್ನುವ ಆಲೋಚನೆ ಕಾರಿಗಿಂತ ಹಳೆಯದು. ಇಂಗ್ಲೆಂಡಿನಲ್ಲಿ 1865ರಲ್ಲಿ ಒಂದು ಕಾಯ್ದೆ ಬಂತು. ಆಗ ರಸ್ತೆಯಲ್ಲಿ ಓಡಾಡ್ತಿದ್ದದ್ದು ಹಬೆಯಿಂದ ನಡೆಯುವ ದೈತ್ಯ ಎಂಜಿನ್‌ಗಳು. ಅವು ಹಳ್ಳಿ ರಸ್ತೆಯಲ್ಲಿ ಗಂಟೆಗೆ 4 ಮೈಲಿ, ಪೇಟೆಯಲ್ಲಿ 2 ಮೈಲಿಗಿಂತ ವೇಗವಾಗಿ ಹೋಗುವ ಹಾಗಿಲ್ಲ. ಅಷ್ಟೇ ಅಲ್ಲ, ಎಂಜಿನ್ ಮುಂದೆ 60 ಗಜ ದೂರದಲ್ಲಿ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೀಬೇಕು! ನಗು ಬರುತ್ತೆ ಅಲ್ವಾ? ಆದರೆ ನಗೋಕೆ ಮುಂಚೆ ಒಂದು ವಿಷಯ ಗಮನಿಸಿ. ಆ ಕಾಯ್ದೆಯಲ್ಲಿ ವೇಗದ ಮಿತಿಯೂ ಇತ್ತು, ಅದನ್ನ ದಾರಿಯಲ್ಲಿ ಹೋಗುವ ಜನಕ್ಕೆ ತಿಳಿಸುವ ವ್ಯವಸ್ಥೆಯೂ ಇತ್ತು. "ಹಿಂದೆ ಅಪಾಯ ಬರ್ತಿದೆ, ಪಕ್ಕಕ್ಕೆ ಸರಿಯಿರಿ" ಅಂತ ಹೇಳೋಕೆ ಒಬ್ಬ ಜೀವಂತ ಮನುಷ್ಯ ಇದ್ದ. ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರ್ತಿದ್ದರಲ್ಲ, ಅದೇ ಕೆಲಸ.

1896ರಲ್ಲಿ ಅಲ್ಲಿ ಮಿತಿ 14 ಮೈಲಿಗೆ ಏರಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಅನ್ನುವ ಮಹಿಳೆ ಕಾರಿಗೆ ಸಿಕ್ಕಿ ಸತ್ತರು. ಬ್ರಿಟನ್ನಿನಲ್ಲಿ ಕಾರು ಡಿಕ್ಕಿಯಾಗಿ ಸತ್ತ ಮೊದಲ ಪಾದಚಾರಿ ಅಂತ ಅವರ ಹೆಸರು ದಾಖಲಾಗಿದೆ. ವಿಚಾರಣೆಯಲ್ಲಿ ಏನಾಯ್ತು ಗೊತ್ತಾ? ಗಂಟೆಗೆ ನಾಲ್ಕೇ ಮೈಲಿಯಲ್ಲಿ ಹೋಗ್ತಿದ್ದೆ ಅಂದ ಡ್ರೈವರ್. ಅಗ್ನಿಶಾಮಕ ಗಾಡಿಯ ಹಾಗೆ ನುಗ್ಗಿ ಬಂತು ಅಂತ ಸಾಕ್ಷಿ ಹೇಳಿದರು. ಯಾರನ್ನ ನಂಬೋದು? ಅಳೆಯೋಕೆ ಯಂತ್ರ ಇಲ್ಲ. ಕೊನೆಗೆ ಅದು ಆಕಸ್ಮಿಕ ಸಾವು ಅಂತ ತೀರ್ಮಾನ ಆಯ್ತು.

ಆ ಜಗಳದ ನೆರಳು ಇವತ್ತಿಗೂ ನಮ್ಮ ಕಾನೂನಿನಲ್ಲಿದೆ. ಮೋಟಾರು ವಾಹನ ಕಾಯ್ದೆಯ 183ನೇ ಕಲಂ ಏನನ್ನುತ್ತೆ ನೋಡಿ: "ಈ ಗಾಡಿ ಮಿತಿ ಮೀರಿ ಓಡ್ತಿತ್ತು ಅಂತ ನನಗನ್ನಿಸಿತು" ಅಂತ ಒಬ್ಬ ಸಾಕ್ಷಿ ಹೇಳಿದ ಮಾತ್ರಕ್ಕೆ ಯಾರಿಗೂ ಶಿಕ್ಷೆ ಕೊಡುವ ಹಾಗಿಲ್ಲ. ಆ ಅಂದಾಜಿಗೆ ಯಂತ್ರದ ಆಧಾರ ಇರಬೇಕು. ಪೊಲೀಸರು ರೇಡಾರ್ ಗನ್ ಹಿಡಿದು ನಿಲ್ಲೋದು ಇದಕ್ಕೇ.

ಇಂಗ್ಲೆಂಡಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1903ರಲ್ಲಿ ಮಿತಿ 20 ಮೈಲಿ ಆಯ್ತು. ಕಾರುಗಳು ಸುಧಾರಿಸಿದವು, ರಸ್ತೆ ಸುಧಾರಿಸಿತು, ಮಿತಿ ಮಾತ್ರ ಇದ್ದಲ್ಲೇ ಇತ್ತು. ಯಾರೂ ಪಾಲಿಸಲಿಲ್ಲ. ಪಾಲಿಸದ ಕಾನೂನು ಯಾಕೆ ಬೇಕು ಅಂತ 1930ರಲ್ಲಿ ಕಾರುಗಳ ಮಿತಿಯನ್ನೇ ತೆಗೆದುಹಾಕಿದರು. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಜನ ಸತ್ತರು. ಮರುವರ್ಷ ಮಾರ್ಚ್‌ನಲ್ಲಿ ಜನವಸತಿ ಇರುವ ಕಡೆಯೆಲ್ಲ 30 ಮೈಲಿಯ ಮಿತಿ ವಾಪಸ್ ಬಂತು. ನನ್ನ ಪ್ರಕಾರ ಈ ಐದು ವರ್ಷಗಳಲ್ಲಿ ಎರಡು ಪಾಠ ಇವೆ. ಜನಕ್ಕೆ ಅರ್ಥವಾಗದ ಮಿತಿ ಬದುಕಲ್ಲ. ಮಿತಿಯೇ ಇಲ್ಲದಿದ್ದರೆ ಜನ ಬದುಕಲ್ಲ.

ಈಗ ನಮ್ಮೂರಿಗೆ ಬರೋಣ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಬಂದದ್ದು ಅವರಿಂದಲೇ. ಅವರ ಕಾಲದಲ್ಲಿ ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆ, ಮುನ್ನೂರಕ್ಕೂ ಹೆಚ್ಚು ಸೇತುವೆ ಆದವು. ಬೇಸಿಗೆಗೆ ಅವರು ಇರ್ತಿದ್ದದ್ದು ನಂದಿ ಬೆಟ್ಟದಲ್ಲಿ. ಬೆಂಗಳೂರಿನಿಂದ ನಂದಿಗೆ ಹೋಗಬೇಕಾದರೆ ದೇವನಹಳ್ಳಿ ದಾರಿ. ಆ ದಾರಿಯಲ್ಲಿ ಆಗ ಹೋಗ್ತಿದ್ದದ್ದು ಎತ್ತಿನ ಗಾಡಿ, ಕುದುರೆ ಗಾಡಿ. ಎತ್ತಿಗೆ ವೇಗದ ಮಿತಿ ಬರೆದು ನಿಲ್ಲಿಸುವ ಅಗತ್ಯ ಯಾರಿಗೂ ಬೀಳಲಿಲ್ಲ. ರಸ್ತೆ ಪಕ್ಕದಲ್ಲಿ ಇದ್ದದ್ದು ಮೈಲಿಗಲ್ಲು ಮಾತ್ರ. ಎಷ್ಟು ದೂರ ಅಂತ ಅದು ಹೇಳ್ತಿತ್ತು, ಎಷ್ಟು ಬೇಗ ಅಂತ ಹೇಳ್ತಿರಲಿಲ್ಲ.

ಬ್ರಿಟಿಷ್ ಇಂಡಿಯಾಕ್ಕೆ ಮೊದಲ ಮೋಟಾರು ಕಾಯ್ದೆ ಬಂದದ್ದು 1914ರಲ್ಲಿ. ಆಮೇಲೆ 1939ರ ಕಾಯ್ದೆ. ಅದರ 71ನೇ ಕಲಂ ವೇಗದ ಮಿತಿಯದ್ದು. ಈಗ ನಡೀತಿರೋದು 1988ರ ಕಾಯ್ದೆ, ಜಾರಿಗೆ ಬಂದದ್ದು 1989ರ ಜುಲೈ 1ರಂದು. ಇದರಲ್ಲಿ 112ನೇ ಕಲಂ ಇದೆ. ವೀಕ್ಷಕರೇ, ಈ ನಂಬರ್ ನೆನಪಿಟ್ಟುಕೊಳ್ಳಿ. ನಿಮ್ಮ ಚಲನ್ನಿನ ತಾಯಿಬೇರು ಇದು.

112 ಏನು ಹೇಳುತ್ತೆ? ದೇಶಕ್ಕೆಲ್ಲ ಅನ್ವಯಿಸುವ ಗರಿಷ್ಠ ವೇಗವನ್ನ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸುತ್ತೆ. ಅದು ಛಾವಣಿ ಇದ್ದ ಹಾಗೆ, ಅದರ ಮೇಲೆ ಯಾರೂ ಹೋಗೋ ಹಾಗಿಲ್ಲ. ಅದರ ಕೆಳಗೆ, ಒಂದು ರಸ್ತೆಯ ಅಥವಾ ಸೇತುವೆಯ ಸ್ಥಿತಿ ನೋಡಿ, ಜನರ ಸುರಕ್ಷತೆ ನೋಡಿ, ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ಮಿತಿಯನ್ನ ಇಳಿಸಬಹುದು. ಆದರೆ ಹೇಗೆ? ಎರಡು ಕೆಲಸ ಮಾಡಬೇಕು. ಒಂದು, ಗೆಜೆಟ್‌ನಲ್ಲಿ ಅಧಿಸೂಚನೆ. ಎರಡು, ರಸ್ತೆಯಲ್ಲಿ ಸೂಕ್ತ ಜಾಗದಲ್ಲಿ ಬೋರ್ಡ್. ಒಂದು ತಿಂಗಳಿಗಿಂತ ಹೆಚ್ಚಿಲ್ಲದ ತಾತ್ಕಾಲಿಕ ನಿರ್ಬಂಧಕ್ಕೆ ಮಾತ್ರ ಅಧಿಸೂಚನೆ ಬೇಡ.

ಇದರ ಅರ್ಥ ಏನು ಹೇಳಿ? ಕಚೇರಿಯಲ್ಲಿ ಕಾಗದ ಇದ್ದರೆ ಸಾಲದು, ಡಂಗುರವೂ ಸಾರಬೇಕು. ಹಾಗೇ, ಯಾರೋ ತೋಚಿದ ಕಡೆ ಬೋರ್ಡ್ ನೆಟ್ಟರೆ ಸಾಲದು, ಅದರ ಹಿಂದೆ ಕಾಗದವೂ ಇರಬೇಕು. ಕಾನೂನು ಬರೆದವರಿಗೆ ಗೊತ್ತಿತ್ತು: ತಿಳಿಸದೆ ಶಿಕ್ಷಿಸೋದು ನ್ಯಾಯ ಅಲ್ಲ.

ಕೇಂದ್ರದ ಛಾವಣಿ ಎಷ್ಟು ಎತ್ತರ ಇದೆ? 2018ರ ಏಪ್ರಿಲ್‌ನಲ್ಲಿ ಹೊರಟ ಅಧಿಸೂಚನೆ ಪ್ರಕಾರ ಕಾರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ಡಿವೈಡರ್ ಇರುವ ನಾಲ್ಕು ಪಥದ ಅಥವಾ ಅದಕ್ಕಿಂತ ಅಗಲದ ರಸ್ತೆಯಲ್ಲಿ 100, ನಗರ ವ್ಯಾಪ್ತಿಯಲ್ಲಿ ಮತ್ತು ಉಳಿದ ರಸ್ತೆಗಳಲ್ಲಿ 70 ಕಿಲೋಮೀಟರ್. ಸರಕು ಲಾರಿಗೆ ಎಕ್ಸ್‌ಪ್ರೆಸ್‌ವೇಯಲ್ಲೂ 80ರ ಮೇಲಿಲ್ಲ. ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2021ರಲ್ಲಿ ಇದೇ ಅಧಿಸೂಚನೆಯನ್ನ ರದ್ದು ಮಾಡಿತು. ಸಾವಿಗೆ ಅತಿವೇಗ ಕಾರಣ ಅಂತ ನೀವೇ ಹೇಳ್ತೀರಿ, ಮಿತಿಯನ್ನೂ ನೀವೇ ಏರಿಸ್ತೀರಲ್ಲ ಅನ್ನೋದು ಅಲ್ಲಿ ಎದ್ದ ಪ್ರಶ್ನೆ. ನೋಡಿ, ಈ ಅಂಕಿಗಳು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಮನುಷ್ಯರು ಕೂತು ತೂಗಿ ಇಡುವ ಅಂಕಿಗಳು. ಅದಕ್ಕೇ ಅವುಗಳ ಲೆಕ್ಕ ನಮಗೆ ಗೊತ್ತಿರಬೇಕು.

ಹಾಗಾದರೆ ಲೆಕ್ಕ ಏನು? ಎರಡು ದಾರಿ ಇವೆ. ಮೊದಲನೆಯದು ಅಮೆರಿಕದಲ್ಲಿ ಬೆಳೆದದ್ದು. ಒಂದು ರಸ್ತೆಯಲ್ಲಿ ಹೋಗುವ ನೂರು ಗಾಡಿಗಳ ವೇಗ ಅಳೆಯಿರಿ. ನಿಧಾನದಿಂದ ಜೋರಿನವರೆಗೆ ಸಾಲಾಗಿ ನಿಲ್ಲಿಸಿ. ಎಂಬತ್ತೈದನೇ ಗಾಡಿಯ ವೇಗ ಎಷ್ಟೋ, ಮಿತಿ ಅದರ ಆಸುಪಾಸು. ನೂರಕ್ಕೆ ಎಂಬತ್ತೈದು ಜನ ವಿವೇಕಿಗಳು ಅನ್ನೋ ನಂಬಿಕೆ ಇದರ ಹಿಂದಿದೆ. ಕೇಳೋಕೆ ಪ್ರಜಾಪ್ರಭುತ್ವದ ಥರ ಇದೆ. ಆದರೆ ಇಲ್ಲಿ ವೋಟು ಯಾರಿಗಿದೆ? ಸ್ಟಿಯರಿಂಗ್ ಹಿಡಿದವರಿಗೆ ಮಾತ್ರ. ದೊಡ್ಡಬಳ್ಳಾಪುರ ರಸ್ತೆ ದಾಟೋಕೆ ನಿಂತ ನೇಕಾರ ಹೆಣ್ಣುಮಗಳಿಗೆ ವೋಟಿಲ್ಲ. ಡೇರಿಗೆ ಹಾಲು ಹಾಕೋಕೆ ಸೈಕಲ್‌ನಲ್ಲಿ ಹೊರಟ ಹುಡುಗನಿಗೆ ವೋಟಿಲ್ಲ. ಅಮೆರಿಕದ ಹೆದ್ದಾರಿಯಲ್ಲಿ ಇಲ್ಲದ ಟ್ರ್ಯಾಕ್ಟರ್, ಎಮ್ಮೆ, ರಾಂಗ್ ಸೈಡ್ ಬೈಕು ಎಲ್ಲ ನಮ್ಮಲ್ಲಿವೆ. ಆ ಲೆಕ್ಕವನ್ನ ಹಾಗೇ ತಂದರೆ ನಮಗೆ ಒಗ್ಗಲ್ಲ.

ಎರಡನೆಯ ದಾರಿ ಮನುಷ್ಯನ ದೇಹದಿಂದ ಶುರುವಾಗುತ್ತೆ. ಸ್ವೀಡನ್ 1997ರಲ್ಲಿ ಒಂದು ನೀತಿ ಒಪ್ಪಿಕೊಂಡಿತು: ರಸ್ತೆಯಲ್ಲಿ ಯಾರೂ ಸಾಯಬಾರದು. ತಪ್ಪು ಮಾಡೋದು ಮನುಷ್ಯನ ಸ್ವಭಾವ, ಆ ತಪ್ಪಿಗೆ ಸಾವು ಶಿಕ್ಷೆ ಆಗಬಾರದು ಅನ್ನೋದು ಅವರ ವಾದ. ಹಾಗಾಗಿ ಅವರು ಕೇಳುವ ಪ್ರಶ್ನೆ, "ಎಷ್ಟು ಹೊಡೆತವನ್ನ ದೇಹ ತಡೆಯುತ್ತೆ?" ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಲೆಕ್ಕ ಕೇಳಿ. ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೆ, ಸಾವು ತರುವ ಅಪಘಾತದ ಅಪಾಯ ನೂರಕ್ಕೆ ನಾಲ್ಕರಷ್ಟು ಏರುತ್ತೆ. 50ರಲ್ಲಿ ಬರುವ ಕಾರಿಗಿಂತ 65ರಲ್ಲಿ ಬರುವ ಕಾರು ಗುದ್ದಿದರೆ ಪಾದಚಾರಿ ಸಾಯುವ ಅಪಾಯ ನಾಲ್ಕೂವರೆ ಪಟ್ಟು. ಅಂತರ ಬರೀ ಹದಿನೈದು ಕಿಲೋಮೀಟರ್! ಜನ ಮತ್ತು ವಾಹನ ಬೆರೆಯುವ ಕಡೆ ಮಿತಿ 30 ಇರಲಿ ಅಂತ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಇದಕ್ಕೇ.

ಇನ್ನು ಬ್ರೇಕಿನ ಲೆಕ್ಕ. ರಸ್ತೆ ಕಟ್ಟುವ ಎಂಜಿನಿಯರ್‌ಗಳು ಬಳಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಟ್ಟಿ ಇದೆ. ಕಣ್ಣಿಗೆ ಏನೋ ಬಿದ್ದ ಕ್ಷಣದಿಂದ ಗಾಡಿ ಪೂರ್ತಿ ನಿಲ್ಲುವವರೆಗೆ ಎಷ್ಟು ದೂರ ಬೇಕು? 50ರ ವೇಗದಲ್ಲಿ 60 ಮೀಟರ್. 80ರಲ್ಲಿ 120 ಮೀಟರ್. 100ರಲ್ಲಿ 180 ಮೀಟರ್. ಕಾಲು ಬ್ರೇಕಿಗೆ ಹೋಗೋಕೆ ಅವರು ಎರಡೂವರೆ ಸೆಕೆಂಡ್ ಹಿಡಿದಿದ್ದಾರೆ. ನೂರರಲ್ಲಿ ಹೋಗ್ತಿದ್ದರೆ ಆ ಎರಡೂವರೆ ಸೆಕೆಂಡಿನಲ್ಲೇ ಗಾಡಿ ಹತ್ತಿರ ಹತ್ತಿರ 70 ಮೀಟರ್ ಹೋಗಿರುತ್ತೆ, ಬ್ರೇಕ್ ಇನ್ನೂ ಒತ್ತೇ ಇರಲ್ಲ!

80ಕ್ಕೂ 100ಕ್ಕೂ ವ್ಯತ್ಯಾಸ ಕಾಲು ಭಾಗ ಅಂದ್ಕೋತೀವಿ. ನಿಲ್ಲುವ ದೂರ ಒಂದೂವರೆ ಪಟ್ಟು ಆಯ್ತು. ಗುದ್ದಿದರೆ ಹೊಡೆತದ ಶಕ್ತಿ ಅದಕ್ಕಿಂತಲೂ ಸ್ವಲ್ಪ ಹೆಚ್ಚೇ. ಸಿಕ್ಕ ಲಾಭ? ಹೆಬ್ಬಾಳದಿಂದ ಏರ್‌ಪೋರ್ಟ್ 25 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಅಡೆತಡೆ ಇಲ್ಲದೆ 80ರಲ್ಲಿ ಹೋದರೆ ಹತ್ತೊಂಬತ್ತು ನಿಮಿಷದೊಳಗೆ. 100ರಲ್ಲಿ ಹೋದರೆ ಹದಿನೈದು. ಉಳಿಯೋದು ನಾಲ್ಕು ನಿಮಿಷಕ್ಕಿಂತ ಕಡಿಮೆ. ಚೆಕ್-ಇನ್ ಕ್ಯೂನಲ್ಲಿ ಅದಕ್ಕಿಂತ ಜಾಸ್ತಿ ನಿಂತಿರ್ತೀವಿ.

ಈಗ ಹೇಳಿ, ಬೋರ್ಡ್ ಮೇಲಿನ ಎಂಬತ್ತು ಸ್ವಲ್ಪ ಬೇರೆ ಥರ ಕಾಣ್ತಿದೆಯಾ? ಇಷ್ಟು ಸರಳ ಲೆಕ್ಕವನ್ನ ಲೈಸೆನ್ಸ್ ಕೊಡುವಾಗ ಹೇಳಿದ್ದರೆ ಏನಾಗ್ತಿತ್ತು?

ಬೆಂಗಳೂರು ಗ್ರಾಮಾಂತರದ ಕಷ್ಟ ಇಲ್ಲೇ ಇರೋದು. 1986ರಲ್ಲಿ ಹುಟ್ಟಿದ ಜಿಲ್ಲೆ ಇದು. 2007ರಲ್ಲಿ ರಾಮನಗರ ಬೇರೆಯಾದ ಮೇಲೆ ಉಳಿದದ್ದು ನಾಲ್ಕು ತಾಲ್ಲೂಕು: ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ. ಸಣ್ಣ ಜಿಲ್ಲೆ, ಆದರೆ ದೇಶದ ದೊಡ್ಡ ದೊಡ್ಡ ರಸ್ತೆಗಳೆಲ್ಲ ಇದರ ಮೈಮೇಲೇ ಹಾದುಹೋಗ್ತವೆ. ದೇವನಹಳ್ಳಿಯಲ್ಲಿ ಹೈದರಾಬಾದ್ ಹೆದ್ದಾರಿ. ಹೊಸಕೋಟೆಯಲ್ಲಿ ಕೋಲಾರ, ಚೆನ್ನೈ ಹೆದ್ದಾರಿ. ನೆಲಮಂಗಲದಲ್ಲಿ ಎರಡು ಕವಲು, ಒಂದು ತುಮಕೂರು ಕಡೆ, ಇನ್ನೊಂದು ಹಾಸನ, ಮಂಗಳೂರು ಕಡೆ. ಇವನ್ನೆಲ್ಲ ಅಡ್ಡಕ್ಕೆ ಹೊಲಿದ ಹಾಗೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆಯ ಸ್ಯಾಟಲೈಟ್ ರಿಂಗ್ ರೋಡ್. 2024ರ ಕೊನೆಗೆ ಹೊಸಕೋಟೆಯಿಂದ ಶುರುವಾಗುವ ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗವೂ ಓಡಾಟಕ್ಕೆ ಸಿಕ್ಕಿತು. ಅದು 120ರ ವೇಗಕ್ಕಾಗಿಯೇ ಕಟ್ಟಿದ ರಸ್ತೆ.

ಅಂದರೆ ಹೊಸಕೋಟೆ ಸುತ್ತಮುತ್ತಲ ಒಬ್ಬ ಡ್ರೈವರ್ ಅರ್ಧ ಗಂಟೆಯೊಳಗೆ ನಾಲ್ಕು ಥರದ ಮಿತಿ ದಾಟ್ತಾನೆ. ಎಕ್ಸ್‌ಪ್ರೆಸ್‌ವೇಯಿಂದ ಇಳಿದವನ ಕಾಲಿಗೆ ನೂರರ ಅಭ್ಯಾಸ ಆಗಿರುತ್ತೆ. ಮುಂದಿನ ತಿರುವಿನಲ್ಲಿ ಹಳ್ಳಿ, ಶಾಲೆ, ಬಸ್ ಸ್ಟಾಪ್. ಭಾನುವಾರ ಬೆಳಗಿನ ಜಾವ ಆದರೆ ಹೊಸಕೋಟೆ ಬಿರಿಯಾನಿಗೆ ಹೊರಟ ಬೈಕುಗಳ ದಂಡು. ರಸ್ತೆ ಅಗಲವಾಗಿ, ನೇರವಾಗಿ "ಹೋಗು, ಇನ್ನೂ ಜೋರಾಗಿ ಹೋಗು" ಅನ್ನುತ್ತೆ. ಬೋರ್ಡ್ ಒಂಟಿಯಾಗಿ ನಿಂತು "ಬೇಡ" ಅನ್ನುತ್ತೆ. ಯಾರ ಮಾತು ಕೇಳ್ತಾನೆ ಅವನು? ರಸ್ತೆಯದ್ದೇ.

ಇದರ ಬೆಲೆ ಏನು ಅಂತ ನೆಲಮಂಗಲದವರಿಗೆ ಗೊತ್ತು. 2024ರ ಡಿಸೆಂಬರ್ 21ರಂದು ತುಮಕೂರು ಹೆದ್ದಾರಿಯಲ್ಲಿ, ಎದುರು ಬದಿಯಿಂದ ಡಿವೈಡರ್ ದಾಟಿ ಬಂದ ಕಂಟೇನರ್ ಲಾರಿ ಕಾರಿನ ಮೇಲೆ ಮಗುಚಿತು. ಒಂದೇ ಕುಟುಂಬದ ಆರು ಜನ ಹೋದರು. ತಮ್ಮ ಪಾಡಿಗೆ ತಮ್ಮ ಬದಿಯಲ್ಲಿ ಹೋಗ್ತಿದ್ದವರು. ಹೆದ್ದಾರಿಯಲ್ಲಿ ಬ್ರೇಕಿಗೆ ಸಿಗುವ ದೂರ ಕಮ್ಮಿಯಾದರೆ ಅದರ ಬೆಲೆಯನ್ನ ಪಕ್ಕದ ಗಾಡಿಯವರೂ ತೆರಬೇಕಾಗುತ್ತೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ನೂರಕ್ಕೆ ಎಪ್ಪತ್ತೊಂದು ಸಾವು ಅತಿವೇಗದ ಲೆಕ್ಕಕ್ಕೆ ಹೋಗಿದೆ. ಇದು ಕೇಂದ್ರ ಸಾರಿಗೆ ಸಚಿವಾಲಯದ್ದೇ ಅಂಕಿ.

ಜನಕ್ಕೆ ತಿಳಿಸೋಕೆ ಸರ್ಕಾರ ಏನೂ ಮಾಡಿಲ್ಲ ಅಂತ ಹೇಳೋಕಾಗಲ್ಲ. ಗಾದೆ ಥರ ಮಾತು ಬರೆಸಿದ್ದಾರೆ. "ಅತಿ ವೇಗ, ತಿಥಿ ಬೇಗ." "ಅವಸರವೇ ಅಪಘಾತಕ್ಕೆ ಕಾರಣ." ಪ್ರಾಸ ಚೆನ್ನಾಗಿದೆ, ಲೆಕ್ಕ ಎಲ್ಲಿ? ಆ ಎರಡನೇ ಮಾತನ್ನ ಕೊಡಗಿನ ಒಂದು ಬೋರ್ಡ್‌ನಲ್ಲಿ ಇಂಗ್ಲಿಷಿಗೆ ತಿರುಗಿಸಿ "ಅರ್ಜೆಂಟ್ ಮೇಕ್ ಆನ್ ಆಕ್ಸಿಡೆಂಟ್" ಅಂತ ಬರೆದದ್ದು 2024ರಲ್ಲಿ ಊರೆಲ್ಲ ನಗೋ ಹಾಗಾಯ್ತು. ಅರ್ಜೆಂಟಾಗಿ ಒಂದು ಅಪಘಾತ ಮಾಡಿ ಅಂದ ಹಾಗೆ! ಡ್ರೈವರ್‌ಗೆ ವಿಷಯ ತಿಳಿಸೋದನ್ನ ನಾವು ಎಷ್ಟು ಹಗುರವಾಗಿ ತಗೊಂಡಿದ್ದೀವಿ ಅನ್ನೋದಕ್ಕೆ ಆ ಬೋರ್ಡೇ ಸಾಕ್ಷಿ.

ಗಾದೆ ಸಾಲದ ಕಡೆ ಹಂಪ್ ಹಾಕ್ತಾರೆ. ಹಂಪ್ ಭಾಷೆ ಎಲ್ಲರಿಗೂ ಅರ್ಥ ಆಗುತ್ತೆ, ಅನುವಾದ ಬೇಡ. ಆದರೆ ಅದಕ್ಕೂ ಅಳತೆ ಇದೆ ಸ್ವಾಮಿ. 25 ಕಿಲೋಮೀಟರ್ ವೇಗದಲ್ಲಿ ದಾಟುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಮುಂಚೆಯೇ ಎಚ್ಚರಿಕೆ ಬೋರ್ಡ್, ಮೇಲೆ ಬಣ್ಣದ ಪಟ್ಟೆ ಇರಬೇಕು. ಅಪಘಾತ ಆದ ಸಂಜೆ ಊರವರ ಸಿಟ್ಟು ತಣಿಸೋಕೆ ರಾತ್ರೋರಾತ್ರಿ ಸುರಿದ ಡಾಂಬರಿನ ಗುಡ್ಡೆ ಹಂಪ್ ಅಲ್ಲ. ಬೈಕಿನ ಹಿಂದೆ ಕೂತ ತಾಯಂದಿರು ಬೀಳೋದು ಅಂಥವುಗಳ ಮೇಲೇ.

ಈಗ ಕ್ಯಾಮೆರಾ ಕಾಲ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ಮೀರಿದರೆ ಬರೀ ದಂಡ ಅಲ್ಲ, ಎಫ್‌ಐಆರ್ ಅಂತ ಪೊಲೀಸರು ಹೇಳಿದರು. ಒಳ್ಳೆಯದೇ. ಆದರೆ ಕ್ಯಾಮೆರಾಕ್ಕೂ ನಿಯಮ ಇದೆ. 2021ರ ಆಗಸ್ಟ್‌ನಲ್ಲಿ ಸೇರಿಸಿದ 167ಎ ನಿಯಮದ ಪ್ರಕಾರ, ಇಲ್ಲಿಂದ ಮುಂದೆ ಕ್ಯಾಮೆರಾ ಕಣ್ಗಾವಲಿದೆ ಅಂತ ಮೊದಲೇ ಎದ್ದು ಕಾಣುವ ಹಾಗೆ ಬೋರ್ಡ್ ಇರಬೇಕು. ನೋಟಿಸ್ ಹದಿನೈದು ದಿನದೊಳಗೆ ಕಳಿಸಬೇಕು. ಪೊದೆ ಹಿಂದೆ ಅಡಗಿ ಹಿಡಿಯೋದು ಕಾನೂನಿನ ಉದ್ದೇಶ ಅಲ್ಲ. ಹಿಡಿಯೋಕಿಂತ ನಿಧಾನ ಮಾಡಿಸೋದು ಮುಖ್ಯ.

ಇನ್ನೊಂದು ಕಲಂ ಇದೆ. ಅದರ ಬಗ್ಗೆ ಯಾರೂ ಮಾತಾಡಲ್ಲ, ಅದಕ್ಕೇ ನಾನು ಮಾತಾಡ್ತೀನಿ. ಅದೇ 183ನೇ ಕಲಮಿನ ಕೊನೆಯ ಭಾಗ. ವೇಗದ ಮಿತಿ ಮುರಿಯದೆ ಮುಟ್ಟೋಕೆ ಸಾಧ್ಯವಿಲ್ಲದ ಸಮಯವನ್ನ ಯಾರಾದರೂ ಟೈಮ್‌ಟೇಬಲ್ ಹಾಕಿದರೆ, ಅಥವಾ ಇಷ್ಟರೊಳಗೆ ಮುಟ್ಟು ಅಂತ ಹುಕುಂ ಕೊಟ್ಟರೆ, ಹಾಗೆ ಹೇಳಿದವರೇ ಅಪರಾಧ ಮಾಡಿದ್ದಾರೆ ಅನ್ನೋದಕ್ಕೆ ಆ ಟೈಮ್‌ಟೇಬಲ್ಲೇ ಮೇಲ್ನೋಟದ ಸಾಕ್ಷ್ಯ. ಎಂಥ ಮಾತು ನೋಡಿ! ಬೆಳಗಿನ ಜಾವ ಏರ್‌ಪೋರ್ಟ್ ರಸ್ತೆಯಲ್ಲಿ ಹಾರಿ ಹೋಗುವ ಕ್ಯಾಬ್ ಹುಡುಗನ ಹಿಂದೆ ಯಾರೋ ಗಡಿಯಾರ ಹಿಡಿದು ಕೂತಿರ್ತಾರೆ. ಕಾರ್ಖಾನೆ ಬಸ್ಸಿನ ಹಿಂದೆ ಶಿಫ್ಟಿನ ಸೈರನ್ ಇರುತ್ತೆ. ದಂಡ ಕಟ್ಟೋದು ಡ್ರೈವರ್, ಸಾಯೋದೂ ಡ್ರೈವರ್. ಗಡಿಯಾರ ಹಿಡಿದವರನ್ನ ಕೇಳುವ ಅಧಿಕಾರ ಕಾನೂನಿನಲ್ಲಿ ಇದ್ದೇ ಇದೆ. ಬಳಸೋರು ಬೇಕು.

ಹಾಗೇ, ರಸ್ತೆ ಕಟ್ಟಿದವರನ್ನ ಕೇಳೋಕೂ ಕಲಂ ಇದೆ. 2019ರ ತಿದ್ದುಪಡಿಯಲ್ಲಿ ಬಂದ 198ಎ. ರಸ್ತೆ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವುನೋವು ಆದರೆ, ಅದಕ್ಕೆ ಹೊಣೆಯಾದ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ವೇಗ ಮೀರಿದ ಕಾರಿಗೆ ಕಾಯ್ದೆ ಹೇಳುವ ದಂಡ ಸಾವಿರದಿಂದ ಎರಡು ಸಾವಿರ. ಈ ಎರಡನೆಯದನ್ನ ವಸೂಲು ಮಾಡಿದ ಸುದ್ದಿಯನ್ನ ನಾವು ಮೇಲಿಂದ ಮೇಲೆ ಓದ್ತೀವಿ. ಮೊದಲನೆಯದು ವಸೂಲಾದ ಸುದ್ದಿ ಓದುವ ಭಾಗ್ಯ ನನಗಿನ್ನೂ ಸಿಕ್ಕಿಲ್ಲ.

ಹಾಗಾದರೆ ಏನು ಮಾಡಬೇಕು? ಸುಪ್ರೀಂ ಕೋರ್ಟ್ 2017ರಲ್ಲೇ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಇರಬೇಕು ಅಂತ ಹೇಳಿದೆ. ನಮ್ಮ ನಾಲ್ಕು ತಾಲ್ಲೂಕಿನ ಸಮಿತಿಗೆ ನನ್ನ ಕೋರಿಕೆ ಸಣ್ಣದು. ಯಾವ ರಸ್ತೆಯಲ್ಲಿ, ಎಲ್ಲಿಂದ ಎಲ್ಲಿವರೆಗೆ, ಎಷ್ಟು ಮಿತಿ, ಯಾವ ಅಧಿಸೂಚನೆ, ಯಾವ ಕಾರಣ ಅಂತ ಒಂದು ಪಟ್ಟಿ ಕನ್ನಡದಲ್ಲಿ ಪ್ರಕಟಿಸಿ. ಪಂಚಾಯಿತಿ ಕಚೇರಿ ಗೋಡೆಗೆ ಅಂಟಿಸಿ. ಮಿತಿ ಬದಲಾಗುವ ಕಡೆ ಬೋರ್ಡ್ ಕೆಳಗೆ ಒಂದೇ ಸಾಲು ಸೇರಿಸಿ: "ಮುಂದೆ ಶಾಲೆ", "ಮುಂದೆ ಊರವರು ರಸ್ತೆ ದಾಟುವ ಜಾಗ". ಅಂಕಿಯ ಜೊತೆ ಕಾರಣ ಇದ್ದರೆ ಮನುಷ್ಯ ಎರಡು ಸಲ ಯೋಚಿಸ್ತಾನೆ. ಡ್ರೈವಿಂಗ್ ಸ್ಕೂಲ್‌ನಲ್ಲಿ ಎಂಟು ಬರೆಯೋದನ್ನ ಕಲಿಸುವಾಗಲೇ ಆ 60, 120, 180 ಮೀಟರ್ ಲೆಕ್ಕವನ್ನೂ ಕಲಿಸಿ. ಸಾಧ್ಯ ಆದರೆ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ತೋರಿಸಿ. 180 ಮೀಟರ್ ನಡೆದು ನೋಡಿದವನಿಗೆ ನೂರರ ವೇಗ ಅಂದ್ರೆ ಏನು ಅಂತ ಭಾಷಣ ಬೇಕಾಗಲ್ಲ.

ನೀವೂ ಸುಮ್ಮನಿರಬೇಡಿ. ನಿಮ್ಮ ಊರಿನ ಮುಂದೆ ಬೋರ್ಡ್ ಇಲ್ಲದಿದ್ದರೆ ಅರ್ಜಿ ಕೊಡಿ. ಇದ್ದರೆ, ಅದರ ಹಿಂದಿನ ಅಧಿಸೂಚನೆ ಯಾವುದು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಖರ್ಚು. ಉತ್ತರ ಬರುವ ತನಕ ದಯವಿಟ್ಟು ಎಂಬತ್ತರಲ್ಲೇ ಹೋಗಿ.